ಕ್ಯಾಮೆರಾಕ್ಕಾಗಿ ಎಸೆದ ಕಲ್ಲು

ಆ ಕಾಲದ ವಿದ್ಯಾರ್ಥಿಗಳು, ಆ ಕಾಲದ ಕಲೆ, ಆ ಕಾಲದ ಹೋರಾಟ ಅಂತ ಯಾರಾದರೂ ಬಾಯಿ ಚಪ್ಪರಿಸಲು ಶುರು ಮಾಡಿದರೆ ನನಗೆ ಮೈ ಉರಿಯುತ್ತದೆ. ಎದ್ದು ಹೊರಗೆ ಹೋಗಿಬಿಡುತ್ತೇನೆ. ನಮ್ಮ ಮೇಲೂ ಒಂದು ಸಾಕ್ಷ್ಯಚಿತ್ರ ಆಗಿದೆ. ಅರ್ಧ ತಾಸಿನದು, ಕಪ್ಪು ಬಿಳುಪು. ಅದರಲ್ಲಿ ಒಂದು ಗಳಿಗೆ ನಾನೂ ಇದ್ದೇನೆ, ಹಲ್ಲು ಕಿರಿದುಕೊಂಡು. ದಿಲ್ಲಿಯಲ್ಲಿ ಅದಕ್ಕೇನೋ ಬಹುಮಾನ ಬಂತಂತೆ. ಬರಲಿ ಬಿಡಿ. ಆ ಚಿತ್ರದಿಂದ ನನ್ನ ಗೆಳೆಯನ ನೌಕರಿ ಹೋಯಿತು. ಚಿತ್ರದಿಂದ ಹೋಯಿತು ಎನ್ನುವುದು ನಾನು ಬಹಳ ವರ್ಷ ಮಂದಿಯ ಮುಂದೆ ಹೇಳಿಕೊಂಡು ತಿರುಗಿದ ಮಾತು. ಅದು ಅರ್ಧ ಮಾತ್ರ ನಿಜ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಕುಕನೂರಿನವನು, ಅವನು ಯಲಬುರ್ಗಾದ ಆಚೆಯ ಒಂದು ಸಣ್ಣ ಊರಿನವನು. ಇಬ್ಬರೂ ಕೊಪ್ಪಳದಲ್ಲಿ ಬಿ.ಎ. ಓದುತ್ತಿದ್ದೆವು, ಒಂದೇ ಹಾಸ್ಟೆಲು, ಒಂದೇ ಖೋಲಿ. ನಮ್ಮದು ಎರಡು ಜೋಡಿ ಎತ್ತಿನ ಕಮತ. ಅವನದು ಕೂಲಿಯ ಮನೆ. ಅಪ್ಪ ಸಣ್ಣಂದಿನಲ್ಲೇ ತೀರಿಹೋಗಿದ್ದ, ಅವ್ವ ಮಂದಿಯ ಹೊಲದಲ್ಲಿ ಕಸ ತೆಗೆದು, ಹತ್ತಿ ಬಿಡಿಸಿ ಮಗನನ್ನು ಓದಿಸುತ್ತಿದ್ದಳು. ಆ ಮನೆತನದಲ್ಲಿ ತಿಂಗಳ ಪಗಾರ ಎಂಬುದನ್ನು ಯಾರೂ ಕಣ್ಣಿಂದ ಕಂಡಿರಲಿಲ್ಲ. “ನನ್ನ ಮಗ ಮಾಸ್ತರ ಆಗ್ತಾನ, ಆಮ್ಯಾಲೆ ನಾ ಮಂದಿ ಹೊಲಕ್ಕ ಕಾಲಿಡಾಂಗಿಲ್ಲ,” ಎಂದು ಆಕೆ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ನನಗೂ ಹೇಳಿದ್ದಳು, ಮಡಿಲಿನಿಂದ ಹುರಿಗಡಲೆ ತೆಗೆದು ಕೈಗೆ ಸುರಿಯುತ್ತ.

ಹಲಗಿ ಬಾರಿಸುವುದು ಅವನ ಮನೆತನದಿಂದ ಬಂದದ್ದು, ಚಿತ್ರ ಅವನೇ ಕಲಿತದ್ದು. ಕೆಮ್ಮಣ್ಣು ಮತ್ತು ಸುಣ್ಣ ಕೊಟ್ಟರೆ ಸಾಕು, ದಾರ ಹಿಡಿಯದೆ, ಗೆರೆ ಎಳೆಯದೆ ಗೋಡೆಯ ತುಂಬ ಅಕ್ಷರ ನಿಲ್ಲಿಸುತ್ತಿದ್ದ. ನಾನು ಭಾಷಣದವನು. ನಾವು ಆರೇಳು ಮಂದಿ ಸೇರಿ ಬೀದಿನಾಟಕ ಆಡುತ್ತಿದ್ದೆವು. ಕುಕನೂರು ಸಂತೆ, ಕನಕಗಿರಿ ಸಂತೆ, ಗಂಗಾವತಿಯ ಅಕ್ಕಿ ಗಿರಣಿಗಳ ಓಣಿ, ಎಲ್ಲ ಕಡೆ. ಕಾಲುವೆ ನೀರಿಗಾಗಿ ಬಂದು ಕ್ಯಾಂಪು ಕಟ್ಟಿಕೊಂಡಿದ್ದ ತೆಲುಗು ಮಂದಿ ನಮ್ಮ ಮಾತು ಪೂರಾ ತಿಳಿಯದಿದ್ದರೂ ಅವನ ಹಲಗಿಗೆ ನಿಂತುಬಿಡುತ್ತಿದ್ದರು. ನಾನು ಸೂತ್ರಧಾರ. “ಕಣ್ಣಿಲೆ ಕಂಡು ಬಾಯಿ ಮುಚ್ಕೊಂಡಾವನೂ ಕಳ್ಳನ!” ಎಂದು ನಾನು ಕೂಗಿದರೆ ಸಂತೆಯ ಮಂದಿ ಚಪ್ಪಾಳೆ ಹೊಡೆಯುತ್ತಿದ್ದರು. ನಾಟಕ ಮುಗಿಸಿ ನಮ್ಮ ಮನೆಗೆ ಊಟಕ್ಕೆ ಹೋದರೆ ಅವನೊಬ್ಬ ಹೊರಗಿನ ಕಟ್ಟೆಯ ಮೇಲೆ ಕುಳಿತು ಉಣ್ಣುತ್ತಿದ್ದ, ನಾವು ಒಳಗೆ. ಅವನಾಗಿಯೇ ಅಲ್ಲಿ ಕುಳಿತುಬಿಡುತ್ತಿದ್ದ. ಒಳಗೆ ಬಾ ಎಂದು ನಾನು ಒಂದು ದಿನವೂ ಕರೆಯಲಿಲ್ಲ. ಸಮಾನತೆಯ ನಾಟಕ ಆಡಿ ಬಂದಿರುತ್ತಿದ್ದೆವು, ನೆನಪಿರಲಿ.

ಇನ್ನು ನಮ್ಮ ಹೋರಾಟದ ಕಥೆ. ಹಾಸ್ಟೆಲಿನ ಜೋಳದ ಹಿಟ್ಟಿನಲ್ಲಿ ಹುಳ. ರೊಟ್ಟಿ ಮುರಿದರೆ ಮುಗ್ಗಲು ವಾಸನೆ. ವಾರ್ಡನ್ನರಿಗೆ ಹೇಳಿದರೆ, “ಮನ್ಯಾಗ ದಿನಾ ಹೋಳಗಿ ತಿಂತಿದ್ರೇನು?” ಎನ್ನುತ್ತಿದ್ದರು. ಕಲ್ಲು ಹೊಡೆಯೋಣ, ಬೀಗ ಜಡಿಯೋಣ ಎಂದು ನಾವೆಲ್ಲ ಹಾರಾಡಿದೆವು. ಬೇಡ ಅಂದವನು ನನ್ನ ಗೆಳೆಯ. ನಾಲ್ಕು ದಿನ ಯಾರೂ ರೊಟ್ಟಿ ಮುಟ್ಟಬಾರದು, ಚುರುಮುರಿ ತಿಂದುಕೊಂಡಿರೋಣ ಅಂದ. ಆ ರೊಟ್ಟಿಗಳನ್ನೆಲ್ಲ ಮಾಳಿಗೆಯ ಮೇಲೆ ಒಣಗಿಸಿ, ನಡುವೆ ತೂತು ಕೊರೆದು, ಹಗ್ಗಕ್ಕೆ ಪೋಣಿಸಿ ತೋರಣ ಮಾಡಿದ. ಹಲಗಿ ಬಾರಿಸಿಕೊಂಡು ಊರ ನಡುವೆ ಹಾಯ್ದು ಹೋಗಿ ತಹಶೀಲ್ದಾರರ ಕಚೇರಿಯ ಬಾಗಿಲಿಗೆ ಅದನ್ನು ಕಟ್ಟಿದೆವು. ತಹಶೀಲ್ದಾರರು ಹೊರಗೆ ಬಂದು, “ಏನ್ರೋ ಇದು?” ಅಂದರು.

“ಹಬ್ಬದ ತೋರಣ ರೀ ಸಾಹೇಬ್ರ. ಒಂದು ಚೂರು ಮುರದು ಬಾಯಾಗ ಹಾಕ್ಕೊಂಡು ನೋಡ್ರಿ,” ಅಂದ ನನ್ನ ಗೆಳೆಯ.

ಆ ಪುಣ್ಯಾತ್ಮರು ಮುರಿದರು, ಮೂಸಿದರು, ಮುಖ ಕಿವುಚಿದರು. ಆ ಕ್ಷಣವೇ ಚಪ್ಪಲಿ ಮೆಟ್ಟಿಕೊಂಡು ನಮ್ಮ ಸಂಗಡ ನಡೆದುಕೊಂಡೇ ಹಾಸ್ಟೆಲಿಗೆ ಬಂದರು. ವಾರದೊಳಗೆ ಜೋಳ ಬದಲಾಯಿತು. ಒಂದು ಹರಳು ಕೂಡ ಯಾರೂ ಎತ್ತಲಿಲ್ಲ. ನಮ್ಮ ಹೋರಾಟ ಅಂದರೆ ಇಷ್ಟು. ಇದ್ದದ್ದು ಇದ್ದಂತೆ ಬಿಟ್ಟಿದ್ದರೆ ಇವತ್ತಿಗೂ ಎದೆಯುಬ್ಬಿಸಿ ಹೇಳಬಹುದಿತ್ತು.

ಮರುವರ್ಷ ಬೆಂಗಳೂರಿನಿಂದ ಒಬ್ಬರು ಬಂದರು. ಗಡ್ಡ, ಖಾದಿ ಜುಬ್ಬ, ಹೆಗಲಿಗೆ ಚೀಲ. ಹಿಂದೆ ಕ್ಯಾಮೆರಾ ಹೊತ್ತ ಇನ್ನಿಬ್ಬರು. ನಮ್ಮ ಕಡೆಯ ವಿದ್ಯಾರ್ಥಿಗಳ ಬದುಕು, ಕಲೆ, ಚಳವಳಿ ಇವುಗಳ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಾರಂತೆ. ನಾವು ಅವರನ್ನು ಕ್ಯಾಮೆರಾ ಸಾಹೇಬರು ಎನ್ನುತ್ತಿದ್ದೆವು. ನಮಗೋ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅರ್ಜಿಗೆ ಅಂಟಿಸಲು ತೆಗೆಸಿದ ಫೋಟೋ ಬಿಟ್ಟರೆ ನಮ್ಮ ಮೋರೆಯನ್ನು ನಾವು ಮತ್ತೆಲ್ಲೂ ನೋಡಿರಲಿಲ್ಲ. ಅವರು ಖೋಲಿ ತೆಗೆದರು, ಬಾವಿಯ ಕಟ್ಟೆಯ ಮೇಲೆ ನಾವು ಬಟ್ಟೆ ಒಗೆಯುವುದನ್ನು ತೆಗೆದರು, ಸಂತೆಯ ನಾಟಕ ತೆಗೆದರು. ರೊಟ್ಟಿಯ ತೋರಣವನ್ನು ಮತ್ತೊಮ್ಮೆ ಮಾಡಿಸಿ ಅದನ್ನೂ ತೆಗೆದರು. ಆಮೇಲೆ ಚಹಾ ಕುಡಿಯುತ್ತ ಗಡ್ಡ ಕೆರೆದುಕೊಂಡರು.

“ಎಲ್ಲಾ ಚೆನ್ನಾಗಿದೆ. ಆದ್ರೆ ನೀವು ರೊಟ್ಟಿ ಕೊಟ್ರಿ, ಅವರು ಒಪ್ಕೊಂಡ್ರು, ಮುಗೀತು. ನೋಡೋರಿಗೆ ನಿಮ್ಮ ಸಿಟ್ಟು ಎಲ್ಲಿ ಕಾಣುತ್ತೆ?”

“ಸಿಟ್ಟು ಬಂದಿತ್ರಿ,” ಅಂದೆ ನಾನು.

“ಬಂದಿದ್ರೆ ಸಾಲದು ಕಣಯ್ಯ, ಕಾಣಬೇಕು. ಒಂದು ಕಲ್ಲು, ಒಂದು ಗಾಜು. ಅಷ್ಟೇ.”

ಊರ ಹೊರಗೆ ಮುಚ್ಚಿಹೋದ ಒಂದು ಹತ್ತಿ ಜಿನ್ನಿನ ಕಾರ್ಖಾನೆಯ ಕಟ್ಟಡ ಇತ್ತು. ಅದರ ಕಿಟಕಿಗಳಲ್ಲಿ ಇನ್ನೂ ಕೆಲವು ಗಾಜು ಉಳಿದಿದ್ದವು. ಅದನ್ನೇ ಕಚೇರಿ ಅಂತ ತೋರಿಸೋಣ ಅಂದರು ಸಾಹೇಬರು. ಬೋರ್ಡು ಬರೆದವನು ನನ್ನ ಗೆಳೆಯನೇ. ಹಳೆಯ ತಗಡಿನ ಮೇಲೆ ‘ತಹಶೀಲ್ದಾರರ ಕಾರ್ಯಾಲಯ’ ಎಂದು ಎಷ್ಟು ಅಚ್ಚುಕಟ್ಟಾಗಿ ಬರೆದನೆಂದರೆ, ದನ ಹೊಡೆದುಕೊಂಡು ಹೊರಟಿದ್ದ ಮುದುಕನೊಬ್ಬ ನಿಂತು, “ಕಚೇರಿ ಇಲ್ಲಿಗೆ ಬಂತೇನ್ರಪಾ?” ಎಂದು ಕೇಳಿದ. ನಾವು ಬಿದ್ದು ಬಿದ್ದು ನಕ್ಕೆವು.

ಸಾಹೇಬರು ಮೊದಲು ಬೊಟ್ಟು ಮಾಡಿದ್ದು ನನ್ನ ಕಡೆಗೆ. “ನೀನು ಎತ್ತರ ಇದ್ದೀಯ, ನೀನು ಹೊಡಿ.” ನನಗೆ ಈ ಸಿನಿಮಾ ಎಲ್ಲಾದರೂ ಟೆಂಟಿಗೆ ಬಂದು ಅಪ್ಪನ ಕಣ್ಣಿಗೆ ಬಿದ್ದರೆ ಕಾಲು ಮುರಿಯುತ್ತಾನೆ ಎಂಬ ಅಂಜಿಕೆ. ಅದನ್ನು ಹೇಳಲು ನಾಚಿಕೆ. “ನನ್ನ ಕೈ ಗುರಿ ಇಲ್ರಿ. ಇಂವಾ ನೋಡ್ರಿ, ಸಣ್ಣಾಂವ ಇದ್ದಾಗಿಂದ ಜ್ವಾಳದ ಹೊಲದಾಗ ಕವಣಿ ಬೀಸಿ ಹಕ್ಕಿ ಕಾಯ್ದಾಂವ,” ಎಂದು ಗೆಳೆಯನನ್ನು ಮುಂದೆ ದೂಡಿದೆ.

“ಬ್ಯಾಡೋ,” ಅಂದ ಅವನು. “ನಾವು ಹೊಡೀಲಿಲ್ಲಲ್ಲ. ಹೊಡೀದ ಕಲ್ಲು ಯಾಕ ಹೊಡೀಬೇಕು?”

“ಲೇ, ನಾಟಕಲೇ ಇದು! ದಿನಾ ನಾಟಕ ಆಡಾಂವ ಇವತ್ತ ಯಾಕ ಅಂಜ್ತಿ?” ಅಂದೆ. ಉಳಿದವರೂ ಹೋ ಅಂದರು. ಅವನು ನಕ್ಕ, ಕಲ್ಲು ಆರಿಸಿಕೊಂಡ. ಮೊದಲನೆಯ ಗಾಜು ಒಡೆದಾಗ ಯಾರದೋ ನೆರಳು ಬಿತ್ತಂತೆ. ಎರಡನೆಯದಕ್ಕೆ, ಮುಖದಲ್ಲಿ ಸಿಟ್ಟು ಸಾಲದು ಅಂದರು. ಮೂರನೆಯ ಸಲ ಹಲ್ಲು ಕಚ್ಚಿ, ಕಣ್ಣು ಕೆಂಪಗೆ ಮಾಡಿಕೊಂಡು ಬೀಸಿದ. ಸಾಹೇಬರು ಅವನನ್ನು ಅಪ್ಪಿಕೊಂಡೇಬಿಟ್ಟರು. ಎರಡು ದಿನದ ಮೇಲೆ ಅವರು ಹೊರಟುಹೋದರು. ಬೆಂಗಳೂರಿನವರಿಗೇನು, ಉಂಡೂ ಹೋದರು, ಕೊಂಡೂ ಹೋದರು.

ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಆದರೆ ಅದರ ಮುಂದಿನ ತಪ್ಪಿಗೆ ಅವರ ಹೆಸರು ಹೇಳುವಂತಿಲ್ಲ. ಅದು ಪೂರಾ ನಮ್ಮದು.

ವರ್ಷ ಕಳೆದ ಮೇಲೆ ಡಬ್ಬಿಯಲ್ಲಿ ಚಿತ್ರ ಬಂತು, ಕೊಪ್ಪಳದಲ್ಲಿ ತೋರಿಸಿಕೊಳ್ಳಿ ಅಂತ. ನಮ್ಮ ಕಡೆಯ ಚಟ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ನಾಲ್ಕು ಮಂದಿ ಕೂಡಿದರೆ ಅಲ್ಲೊಬ್ಬ ಅಧ್ಯಕ್ಷ ಬೇಕು, ಒಬ್ಬ ಉದ್ಘಾಟಕ ಬೇಕು, ಇಬ್ಬರು ಮುಖ್ಯ ಅತಿಥಿಗಳು ಬೇಕು. ಸರ್ಕಾರದ ವಿರುದ್ಧ ನಾಟಕ ಆಡಿದರೂ ಮುಂದಿನ ಸಾಲಿನ ಕುರ್ಚಿ ಸರ್ಕಾರಿ ಸಾಹೇಬರಿಗೇ. ಕರಪತ್ರ ನಾನೇ ಬರೆದೆ. ಅಧ್ಯಕ್ಷತೆ ಪ್ರಾಚಾರ್ಯರದು. ಮುಖ್ಯ ಅತಿಥಿ ಯಾರು ಅಂದಾಗ, ಊರಿಗೆ ಹೊಸದಾಗಿ ಬಂದಿದ್ದ ಫೌಜದಾರರು ಅಂದವನೂ ನಾನೇ. ಪೊಲೀಸ್ ಡ್ರೆಸ್ಸು ವೇದಿಕೆಯ ಮೇಲಿದ್ದರೆ ಕಾರ್ಯಕ್ರಮಕ್ಕೆ ಒಂದು ಕಳೆ ಎಂದು ವಾದ ಮಾಡಿ ಎಲ್ಲರನ್ನೂ ಒಪ್ಪಿಸಿದೆ.

ಮಧ್ಯಾಹ್ನದ ಬಿಸಿಲಲ್ಲಿ ಹಾಸ್ಟೆಲಿನ ಕಂಬಳಿಗಳನ್ನು ಕಿಟಕಿಗಳಿಗೆ ಕಟ್ಟಿ ಕಾಲೇಜಿನ ಸಭಾಂಗಣವನ್ನು ಕತ್ತಲೆ ಮಾಡಿದೆವು. ಸೆಕೆಯೋ ಸೆಕೆ. ಫೌಜದಾರರ ಕೊರಳಿಗೆ ಹಾರ ಹಾಕಿದವನು ನನ್ನ ಗೆಳೆಯ. ಚಿತ್ರ ಶುರುವಾಯಿತು. ರೊಟ್ಟಿಯ ತೋರಣ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಯಿತು. ಆ ತಹಶೀಲ್ದಾರರು ಮೂಸಿ ನೋಡಿದ್ದು, ನಮ್ಮ ಸಂಗಡ ನಡೆದು ಬಂದದ್ದು, ಯಾವುದರ ಸುದ್ದಿಯೂ ಇಲ್ಲ. ಕಲ್ಲು ಮಾತ್ರ ನಿಧಾನಕ್ಕೆ, ತೇಲಿ ತೇಲಿ ಹೋಯಿತು. ಅದಕ್ಕಿಂತ ಮುಂಚೆ ಬೋರ್ಡು. ಅದಾದ ಮೇಲೆ ಪರದೆ ತುಂಬ ನನ್ನ ಗೆಳೆಯನ ಮುಖ. ಹಿಂದಿನಿಂದ ಒಂದು ಭಾರದ ದನಿ, ತಾಳ್ಮೆ ಮುಗಿದಿತ್ತು ಅಂತೇನೋ ಹೇಳಿತು. ಹುಡುಗರು ಸಿಳ್ಳೆ ಹೊಡೆದರು, ಬೆಂಚು ಬಡಿದರು.

ಕಂಬಳಿ ಬಿಚ್ಚಿ ಬೆಳಕಾದ ಮೇಲೆ ಫೌಜದಾರರು ಹಾರ ತೆಗೆದು ಮೇಜಿನ ಮೇಲಿಟ್ಟು, “ಯಾರ್ರಿ ಆ ಕಲ್ಲು ಹೊಡದ ಹುಡುಗ?” ಅಂದರು. ಬಾಯಿ ಮುಚ್ಚಿಕೊಂಡಿರಬಾರದಿತ್ತೇ? ಪೈಪೋಟಿಗೆ ಬಿದ್ದಂತೆ ನಾಲ್ಕು ಮಂದಿ ಅವನನ್ನು ಮುಂದೆ ನೂಕಿದೆವು. “ಇಂವನ ರೀ ಸರ್, ನಮ್ಮ ಕಲಾವಿದ!” ಅಂದೆ ನಾನು. ಅವನ ಹೆಸರು, ಅಡ್ಡ ಹೆಸರು, ಊರು ಎಲ್ಲ ಹೇಳಿದೆ. ಫೌಜದಾರರು ತಲೆಯಾಡಿಸಿ ಅವನ ಬೆನ್ನು ತಟ್ಟಿದರು. ಅದು ನಾಟಕ ಎಂದು ಅವರಿಗೆ ಹೇಳಬೇಕು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಮ್ಮಂಥ ದಡ್ಡರು ಹುಡುಕಿದರೂ ಸಿಗುವುದಿಲ್ಲ.

ಬಿ.ಎ. ಮುಗಿಯಿತು. ಅವನು ಚಿತ್ರಕಲೆಯ ಪರೀಕ್ಷೆಗಳನ್ನೂ ಪಾಸು ಮಾಡಿಕೊಂಡ. ಎಂಬತ್ತರ ದಶಕದ ಮೊದಲ ವರ್ಷಗಳು. ಸರ್ಕಾರಿ ಹೈಸ್ಕೂಲಿಗೆ ಡ್ರಾಯಿಂಗ್ ಮಾಸ್ತರನಾಗಿ ಅವನ ಆಯ್ಕೆ ಆಯಿತು. ಪಟ್ಟಿಯಲ್ಲಿ ಹೆಸರು ಬಂದ ದಿನ ಅವನ ಅವ್ವ ಇಡೀ ಓಣಿಗೆ ಬೆಲ್ಲ ಹಂಚಿದಳಂತೆ. ಇನ್ನು ಪೊಲೀಸರು ಅವನ ನಡತೆ ಸರಿ ಇದೆ ಎಂದು ಬರೆದು ಕಳಿಸುವುದೊಂದೇ ಬಾಕಿ. ನಮ್ಮ ನಸೀಬು ನೋಡಿ, ಅದೇ ಫೌಜದಾರರಿಗೆ ಅಷ್ಟರಲ್ಲಿ ಅವನ ಕಡೆಯ ಠಾಣೆಗೇ ಬದಲಿಯಾಗಿತ್ತು. ಕಾಗದ ನೋಡಿದರು, ಮುಖ ನೋಡಿದರು, ಗುರುತು ಹತ್ತಿತು. “ನೀ ಸರ್ಕಾರಿ ಕಚೇರಿಗೆ ಕಲ್ಲು ಹೊಡದಾವ ಅಲ್ಲೇನು? ನಾನ ಕಣ್ಣಾರೆ ನೋಡೀನಿ,” ಅಂದರು.

ಅದು ಜಿನ್ನಿನ ಕಟ್ಟಡ, ಬೋರ್ಡು ತಾನೇ ಬರೆದದ್ದು, ಸಿನಿಮಾಕ್ಕಾಗಿ ಮಾಡಿದ್ದು ಎಂದು ಅವನು ಕಾಲಿಗೆ ಬಿದ್ದ. ಬೆಂಗಳೂರಿಗೆ ಎರಡು ಕಾಗದ ಬರೆದ. ಕ್ಯಾಮೆರಾ ಸಾಹೇಬರು ಯಾವುದೋ ದೇಶಕ್ಕೆ ಹೋಗಿದ್ದರಂತೆ, ಉತ್ತರವಿಲ್ಲ. ಫೌಜದಾರರು ಕೆಟ್ಟವರಲ್ಲ, ಅದನ್ನೂ ಹೇಳಬೇಕು. “ಹಂಗಿದ್ರ ಅವತ್ತ ನಿನ್ನ ಕೂಡ ಇದ್ದಾವ ಒಬ್ಬನ್ನ ಕರ್ಕೊಂಡ ಬಾ. ಅದು ನಾಟಕ ಅಂತ ಒಂದು ಸಾಲು ಬರದು ಸಹಿ ಹಾಕ್ಲಿ. ನಾ ಛಲೋ ಅಂತ ಬರದು ಕಳಸ್ತೀನಿ. ಶುಕ್ರವಾರದ ತನಕ ಕಾಯ್ತೀನಿ, ಆಮ್ಯಾಲೆ ಕಾಗದ ಹೋಗಬೇಕು,” ಅಂದರು. ಉಳಿದ ಹುಡುಗರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಚದುರಿದ್ದರು. ಹತ್ತಿರ ಇದ್ದವನು ನಾನೊಬ್ಬನೇ.

ಆಗ ನಮ್ಮ ಕಡೆ ಜರೂರು ಸುದ್ದಿ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಕಂಡಕ್ಟರನ ಕೈಯಲ್ಲಿ ಒಂದು ಚೀಟಿ ಕೊಟ್ಟರೆ ಅಂಚೆಗಿಂತ ಮೊದಲು ಮುಟ್ಟುತ್ತಿತ್ತು. ಔಷಧ, ರೊಟ್ಟಿ ಬುತ್ತಿ, ಮದುವೆಯ ಅಕ್ಷತೆ, ಸಾವಿನ ಸುದ್ದಿ ಎಲ್ಲವೂ ಹಾಗೇ. ಯಾರೂ ಅದಕ್ಕೆ ಏನೂ ಕೊಡುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ. ಯಲಬುರ್ಗಾದಿಂದ ಕುಕನೂರಿಗೆ ಬರುವ ಬೆಳಗಿನ ಬಸ್ಸಿನ ಕಂಡಕ್ಟರ್ ತೆಳ್ಳನೆಯ ಮನುಷ್ಯ, ಸದಾ ಕಿವಿಯ ಹಿಂದೆ ಪೆನ್ಸಿಲು. ಬುಧವಾರ ಅವನು ಬಸ್ಸು ನಿಲ್ಲಿಸಿ, ನಮ್ಮ ಮನೆಯ ತನಕ ನಡೆದು ಬಂದು ಚೀಟಿಯನ್ನು ನನ್ನ ಕೈಯಲ್ಲೇ ಇಟ್ಟ. “ಭಾಳ ಜರೂರ್ ಐತಂತ್ರಿ. ನಿಮ್ಮ ಕೈಯಾಗನ ಕೊಡು ಅಂತ ಹೇಳ್ಯಾನ್ರಿ,” ಅಂದು, ಒಂದು ಚೆಂಬು ನೀರು ಕುಡಿದು ಹೋದ.

ಚೀಟಿಯ ಮಾತುಗಳು ನನಗೆ ಇವತ್ತಿಗೂ ಬಾಯಿಪಾಠ. “ದೋಸ್ತಾ, ನನ್ನ ನೌಕರಿ ನಿನ್ನ ಒಂದು ಸಹಿ ಮ್ಯಾಲೆ ನಿಂತೈತಿ. ಗುರುವಾರ ಇಲ್ಲಾ ಶುಕ್ರವಾರ ಠಾಣಾಕ್ಕ ಬಾ. ಅದು ನಾಟಕ ಅಂತ ಬರಕೊಟ್ರ ಆತು. ನಾ ಅಲ್ಲೇ ಕುಂತಿರ್ತೀನಿ. ನೀ ಬರ್ತಿ ಅಂತ ಅವ್ವ ಕರ್ಚೀಕಾಯಿ ಮಾಡ್ಯಾಳ.”

ನನಗೂ ಕುಷ್ಟಗಿಯಲ್ಲಿ ಗುಮಾಸ್ತನ ನೌಕರಿ ನಿಕ್ಕಿಯಾಗಿತ್ತು. ನನ್ನ ಕಾಗದವೂ ಪೊಲೀಸರ ಮೇಜಿನ ಮೇಲೇ ಇತ್ತು. ಆ ದಿನ ನಾನೂ ಅಲ್ಲಿದ್ದೆ ಎಂದು ಸಹಿ ಹಾಕಿದರೆ ಕಲ್ಲಿನ ಸುದ್ದಿಯಲ್ಲಿ ನನ್ನ ಹೆಸರೂ ಸೇರಿಕೊಂಡರೆ? ಇದೇ ಒಂದು ಯೋಚನೆ. ಅಪ್ಪ ಬೇಡ ಅಂದ ಎಂದು ಈಗ ಹೇಳಿಕೊಳ್ಳುವಂತಿದ್ದರೆ ಹಗುರಾಗುತ್ತಿತ್ತು. ಅಪ್ಪನಿಗೆ ನಾನು ಚೀಟಿ ತೋರಿಸಲೇ ಇಲ್ಲ. ಗುರುವಾರ ಬಸ್ ಸ್ಟ್ಯಾಂಡಿನ ತನಕ ಹೋದೆ. ಯಲಬುರ್ಗಾ ಬಸ್ಸು ಬಂತು, ನಿಂತಿತು, ಹೋಯಿತು. ಶುಕ್ರವಾರ ಮನೆಯಿಂದ ಹೊರಗೇ ಬೀಳಲಿಲ್ಲ. ಸಂಜೆ ಚೀಟಿಯನ್ನು ಬಚ್ಚಲ ಒಲೆಗೆ ಹಾಕಿ ಅದೇ ಒಲೆಯಲ್ಲಿ ಕಾದ ನೀರಿನಲ್ಲೇ ಸ್ನಾನ ಮಾಡಿದೆ. ಸಂತೆಯಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದ ಸೂತ್ರಧಾರ ಹೀಗೆ ಮೈ ತೊಳೆದುಕೊಂಡ. ಥೂ.

ಅವನಿಗೆ ನೌಕರಿಯ ಆದೇಶ ಬರಲಿಲ್ಲ. ನನಗೆ ತಿಂಗಳೊಳಗೆ ಬಂತು.

ನಾಲ್ಕೈದು ವರ್ಷ ನಾನು ಯಲಬುರ್ಗಾದ ದಾರಿಯನ್ನೇ ಹಿಡಿಯಲಿಲ್ಲ. ಒಂದು ಮಧ್ಯಾಹ್ನ ಕುಷ್ಟಗಿಯಲ್ಲಿ ಕಚೇರಿಯಿಂದ ಊಟಕ್ಕೆ ಹೊರಟಿದ್ದೆ. ದಾರಿಯ ಕಂಪೌಂಡ್ ಗೋಡೆಗೆ ಏಣಿ ಹಾಕಿಕೊಂಡು ಒಬ್ಬ ಗೊಬ್ಬರದ ಜಾಹೀರಾತು ಬರೆಯುತ್ತಿದ್ದ. ದಾರ ಹಿಡಿದಿರಲಿಲ್ಲ, ಗೆರೆ ಎಳೆದಿರಲಿಲ್ಲ. ಹಾಗೇ ತಲೆ ತಗ್ಗಿಸಿ ದಾಟಿಬಿಡೋಣ ಅಂದುಕೊಂಡೆ.

“ಲೇ ದೋಸ್ತಾ!” ಎಂದು ಮೇಲಿಂದ ಕೂಗಿದ. ಧಡಧಡ ಇಳಿದು ಬಂದು ಕೈ ಹಿಡಿದುಕೊಂಡ. ಎಳೆದುಕೊಂಡು ಹೋಗಿ ಹೋಟೆಲಿನಲ್ಲಿ ಕೂರಿಸಿದ. ಮಿರ್ಚಿ ಭಜಿ ಬಂತು, ಚಹಾ ಬಂತು. ನನ್ನ ನೌಕರಿ ಕೇಳಿದ, ಮಕ್ಕಳೆಷ್ಟು ಕೇಳಿದ. “ಛಲೋ ಆತು ಬಿಡು, ನಮ್ಮಾಗ ಒಬ್ಬನರ ಕುರ್ಚಿ ಮ್ಯಾಲೆ ಕುಂತಿ,” ಅಂದ. ಆ ಮಾತಿನಲ್ಲಿ ಒಂದು ಚೂರೂ ಕುಹಕ ಇರಲಿಲ್ಲ. ಅವ್ವ ಹೋದ ವರ್ಷ ತೀರಿಕೊಂಡಳಂತೆ. ಕಡೆಯ ತನಕ ಮಂದಿ ಹೊಲಕ್ಕೆ ಹೋಗುತ್ತಿದ್ದಳಂತೆ.

“ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ,” ಅಂದ. ನಾನು ಬಸಿಗೆ ಚಹಾ ಸುರಿದುಕೊಂಡೆ. “ಆವಾಗ ನಾ ಒಂದು ಚೀಟಿ ಕಳಿಸಿದ್ದೆ. ನಿನಗ ಮುಟ್ಟಲಿಲ್ಲ, ಹೌದಲ್ಲೋ?”

ನಾನು ಮಿರ್ಚಿ ಮುರಿದು ಬಾಯಿಗಿಟ್ಟುಕೊಂಡೆ. ಅವನೇ ಮುಂದುವರಿಸಿದ.

“ಎರಡು ದಿನ ಠಾಣಾದ ಮುಂದ ಕುಂತಿದ್ದೆ. ಒಂದೊಂದು ಬಸ್ ಬಂದಾಗೂ ಎದ್ದು ಹೋಗಿ ನೋಡ್ತಿದ್ದೆ. ಅವ್ವ ಅಂದ್ಲು, ಅಂವಾ ಅಂಥಾವಲ್ಲೋ, ಚೀಟಿ ಮುಟ್ಟಿದ್ರ ನಡಕೋತ ಆದ್ರೂ ಬರ್ತಿದ್ದ ಅಂತ. ನನಗೂ ಹಂಗ ಅನಿಸ್ತು. ಹೋಗಿ ಆ ಕಂಡಕ್ಟರ್ನ ಹಿಡದೆ. ಕೊಟ್ಟೀನೋ ಮಾರಾಯಾ, ಕೈಯಾಗನ ಕೊಟ್ಟೀನಿ ಅಂತ ಮಕ್ಕಳ ಮ್ಯಾಲೆ ಆಣಿ ಮಾಡಿದ. ಎಂಥಾ ಸುಳ್ಳ ನೋಡು! ಬಸ್ ಸ್ಟ್ಯಾಂಡಿನ್ಯಾಗ, ಅಷ್ಟು ಮಂದಿ ಮುಂದ, ಅವನ ಕಪಾಳಕ್ಕ ಹೊಡದೆ. ನನ್ನ ಜೀವನದಾಗ ನಾ ಖರೇನ ಕೈ ಎತ್ತಿದ್ದು ಅದೊಂದ ಸಲ. ಅವತ್ತಿಂದ ನಮ್ಮೂರ ಮಂದಿ ಯಾರೂ ಅವನ ಕೈಯಾಗ ಒಂದು ಚೀಟಿ ಕೊಡಂಗಿಲ್ಲ.”

ಹೇಳಿಬಿಡಬೇಕಿತ್ತು. ಅವನು ಹೊಡೆದರೆ ಹೊಡೆಸಿಕೊಳ್ಳಬೇಕಿತ್ತು. ನನ್ನ ನೌಕರಿ ಆಗಲೇ ಕಾಯಂ ಆಗಿತ್ತು, ಇನ್ನು ಯಾರಿಗೂ ಅಂಜಬೇಕಾದದ್ದೇನೂ ಇರಲಿಲ್ಲ.

“ಇಲ್ಲೋ, ಮುಟ್ಟಲಿಲ್ಲ,” ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. “ಆ ಕಂಡಕ್ಟರ್ ಮೊದಲಿಂದ ಹಂಗ ಬಿಡು. ನನಗೂ ಒಂದು ಸಲ ಹಂಗ ಮಾಡ್ಯಾನ.”

“ನನಗ ಗೊತ್ತಿತ್ತು,” ಎಂದು ಗೆಳೆಯ ನನ್ನ ಹೆಗಲ ಮೇಲೆ ಕೈ ಹಾಕಿದ. ಆಮೇಲೆ ಒಳಗೆ ಕೂಗಿ ನನಗೆ ಇನ್ನೊಂದು ಪ್ಲೇಟು ಮಿರ್ಚಿ ತರಿಸಿದ.